ಅಪ್‌ಡೇಟ್: ತೋಟದ ಆರ್ಡುಯಿನೋ ಈಗ ಲ್ಯಾಪ್‌ಟಾಪ್ ಇಲ್ಲದೆ ಓಡುತ್ತಿದೆ

ಸುಂಟಿಕೊಪ್ಪದ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಆರ್ಡುಯಿನೋ ಊನೋಗೆ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಕಂಪ್ಯೂಟರ್ ಇಲ್ಲದೆ ಕರೆಂಟ್ ಕೊಡುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್, ಪಂಪ್‌ಹೌಸ್‌ನಲ್ಲಿ ಅದೀಗ ತಾನಾಗಿಯೇ ಓಡುತ್ತಿದೆ.

ಪ್ರೋಗ್ರಾಂ ಕರೆಂಟ್ ಹೋದರೂ ಅಳಿಯದೆ ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲೇ ಉಳಿಯುತ್ತದೆ, ಹಾಗಾಗಿ ಮೊಬೈಲ್ ಚಾರ್ಜರ್ ಕೂಡ ಸಾಕು. ಆದರೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಇಲ್ಲಿ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಪವರ್ ಬ್ಯಾಂಕ್ ಆಗಲಿಲ್ಲ. ಬೋರ್ಡ್ ಎಳೆಯುವುದು ಬರೀ 50 ಮಿಲಿಆಂಪ್‌ನಷ್ಟು, ಅಷ್ಟು ಕಡಿಮೆ ಎಳೆದರೆ ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ.

ಕೊನೆಗೆ 12 ವೋಲ್ಟ್ ಬ್ಯಾಟರಿಯನ್ನೇ ಇಟ್ಟೆ. ನೇರವಾಗಿ ಬೋರ್ಡಿನ ಪವರ್ ಜ್ಯಾಕ್‌ಗೆ ಕೊಡಲಿಲ್ಲ: ಅಲ್ಲಿಗೆ ಹೇಳಿರುವುದು 7ರಿಂದ 12 ವೋಲ್ಟ್, ಚಾರ್ಜ್ ಆಗುವಾಗ ಬ್ಯಾಟರಿ 14ರ ಹತ್ತಿರ ಹೋಗುತ್ತದೆ, ಹೆಚ್ಚಾದದ್ದೆಲ್ಲ ಬೋರ್ಡಿನ ರೆಗ್ಯುಲೇಟರ್‌ನಲ್ಲಿ (ವೋಲ್ಟೇಜನ್ನು 5ಕ್ಕೆ ಇಳಿಸುವ ಭಾಗ) ಬಿಸಿಯಾಗಿ ವ್ಯರ್ಥ. ನಡುವೆ ಬಕ್ ಕನ್ವರ್ಟರ್ (ಹೆಚ್ಚು ವ್ಯರ್ಥವಾಗದಂತೆ ವೋಲ್ಟೇಜ್ ಇಳಿಸುವ ಸಾಧನ) ಹಾಕಿ, ಮಲ್ಟಿಮೀಟರ್ ಹಿಡಿದು 5 ವೋಲ್ಟ್‌ಗೆ ಹೊಂದಿಸಿ, ಆಮೇಲೆ 5 ವೋಲ್ಟ್ ಪಿನ್‌ಗೆ ಜೋಡಿಸಿದೆ. ದಯವಿಟ್ಟು ಗಮನಿಸಿ, ಈ ಪಿನ್‌ಗೆ ಕೊಟ್ಟದ್ದು ರೆಗ್ಯುಲೇಟರ್ ಮೂಲಕ ಹೋಗದೆ ನೇರವಾಗಿ ಬೋರ್ಡಿಗೆ ಹೋಗುತ್ತದೆ. ವೋಲ್ಟೇಜ್ ಏರಿದರೆ ಬೋರ್ಡ್ ಸುಡುತ್ತದೆ. ಯುಎಸ್‌ಬಿ ಹಾಕುವ ಮೊದಲು ಬ್ಯಾಟರಿ ವೈರ್ ಬಿಚ್ಚಿಬಿಡಿ.

ಈ ಸಲ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾದರೆ ಸ್ಪ್ರಿಂಕ್ಲರ್ ಎಲ್ಲಿ ಮೊದಲು ಹಾಕಬೇಕೆಂದು ಈ ಅಳತೆ ನೋಡಿಯೇ ತೀರ್ಮಾನಿಸುತ್ತೇವೆ.