ಅಪ್‌ಡೇಟ್: ಅಂಬಾಸಿಡರ್ ಎಂಜಿನ್ ಜೋಡಿಸಿ ಆಯ್ತು, ಬಣ್ಣವೂ ನಿಂತಿದೆ

ಅಪ್ಪನ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ನೀಲಿ ಹೊಗೆ (ಆಯಿಲ್ ಸುಡ್ತಿರೋ ಗುರುತು) ಬಿಡ್ತಿದೆ, ಮನೆಯಲ್ಲೇ ಬಿಚ್ಚಿ ಬಣ್ಣ ಹೊಡೀಬಹುದಾ ಅಂತ ಕೇಳಿದ್ದೆನಲ್ಲ. ಕೆಲಸ ಮುಗೀತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಬೋರ್‌ನ (ಪಿಸ್ಟನ್ ಓಡಾಡುವ ಸಿಲಿಂಡರ್ ರಂಧ್ರ) ಮೇಲ್ತುದಿಯಲ್ಲಿ ಉಗುರು ಆಡಿಸಿ ನೋಡಿದೆ. ಒಂದು ಅಂಚು ಸ್ಪಷ್ಟವಾಗಿ ತಡೆಯಿತು. ಬೋರ್ ಸವೆದಿದೆ, ಬರೀ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಬದಲಿಸಿದರೆ ಸಾಲದು ಅಂತ ಆಗಲೇ ಗೊತ್ತಾಯ್ತು. ಕಲಬುರಗಿಯಲ್ಲೇ ಲೇತ್ ಅಂಗಡಿಯಲ್ಲಿ ರೀಬೋರ್ ಮಾಡಿಸಿ (ಬೋರನ್ನು ಸ್ವಲ್ಪ ಅಗಲವಾಗಿ ಕೊರೆಸಿ), ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿದೆ. ರಿಂಗ್‌ಗಳ ಬಾಯಿ (ತುದಿಗಳ ನಡುವಿನ ಸಂದು) ಒಂದೇ ಸಾಲಿಗೆ ಬರದಂತೆ ತಿರುಗಿಸಿ ಕೂರಿಸಿದೆ.

ಬಣ್ಣದ್ದೇ ದೊಡ್ಡ ಕೆಲಸ. ನಮ್ಮ ಏಪ್ರಿಲ್ ಬಿಸಿಲಲ್ಲಿ ಸ್ಪ್ರೇ ಎಂಜಿನ್ ಬ್ಲಾಕಿಗೆ ತಾಗುವ ಮುಂಚೆಯೇ ಒಣಗಿ ಮರಳಿನ ಹಾಗೆ ಒರಟಾಗುತ್ತೆ. ಅದಕ್ಕೆ ಬೆಳ್ಳಂಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ, ಧೂಳು ಕೂತ ಮೇಲೆ ತೆಳುವಾಗಿ ಹೊಡೆದೆ. ಅದಕ್ಕೂ ಮೊದಲು ಡೀಸೆಲ್‌ನಲ್ಲಿ ತೊಳೆದು, ವೈರ್ ಬ್ರಶ್‌ನಿಂದ ಉಜ್ಜಿ, ಕೊನೆಗೆ ಥಿನ್ನರ್‌ನಿಂದ ಒರೆಸಿದ್ದೆ. ಈ ಒರೆಸೋದನ್ನು ದಯವಿಟ್ಟು ಬಿಡಬೇಡಿ, ಜಿಡ್ಡು ಉಳಿದರೆ ಬಣ್ಣ ಎದ್ದು ಬರುತ್ತೆ. ಎಂಜಿನ್‌ನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾವು ಜಾಸ್ತಿ, ಅದಕ್ಕೆ ಬೇರೆ ಹೈ ಟೆಂಪರೇಚರ್ ಪೇಂಟೇ ಬೇಕು.

ಹೊಗೆ ನಿಂತಿದೆ. ಶಹಾಬಾದ್‌ವರೆಗೆ ಅಪ್ಪನೇ ಓಡಿಸಿದರು. ವಾಲ್ವ್ ತೆರೆಯೋ ಟ್ಯಾಪೆಟ್ ಸ್ವಲ್ಪ ಸದ್ದು ಮಾಡ್ತಿದೆ, ಗ್ಯಾಪ್ ಇನ್ನೊಮ್ಮೆ ಸೆಟ್ ಮಾಡಬೇಕು.