ಇರುವುದು ಒಂದೇ ಮಾಸ್ಟರ್ ಬಾಲ್, ಯಾರಿಗೆ ಎಸೆಯಬೇಕು? ಲೆಜೆಂಡರಿ ಪೋಕೆಮಾನ್ ಹಿಡಿದವರ ಅನುಭವ ಹಂಚಿಕೆ

ಕೇಳಿದವರು, ಮೈಸೂರು

ನಮಸ್ಕಾರ. ನನ್ನ ಮಗಳು ಪೋಕೆಮಾನ್ ಫೈರ್‌ರೆಡ್ ಆಡುತ್ತಿದ್ದಾಳೆ. ಅದರಲ್ಲಿ ಸಿಲ್ಫ್ ಕಂಪನಿಯ ಅಧ್ಯಕ್ಷರು ಮಾಸ್ಟರ್ ಬಾಲ್ ಕೊಟ್ಟಿದ್ದಾರೆ, ಎಸೆದರೆ ಯಾವ ಪೋಕೆಮಾನ್ ಆದರೂ ತಪ್ಪದೆ ಸಿಗುತ್ತದಂತೆ. ಈಗ ಪವರ್ ಪ್ಲಾಂಟ್‌ನಲ್ಲಿ ಜ್ಯಾಪ್ಡೋಸ್ ಎಂಬ ಲೆಜೆಂಡರಿ (ಆಟದಲ್ಲಿ ಒಂದೇ ಇರುವ) ಪಕ್ಷಿಯ ಮುಂದೆ ನಿಂತು, ಎಸೀಲಾ ಬೇಡವಾ ಎಂದು ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಕ್ಲಾಸಿನ ಹುಡುಗರೆಲ್ಲ "ಮ್ಯೂಟೂಗೆ ಇಟ್ಟುಕೋ" ಅಂತಾರಂತೆ. ನನಗೆ ಈ ಆಟ ಅಷ್ಟಾಗಿ ಗೊತ್ತಿಲ್ಲ. ಆಡಿದವರು ಹೇಳಿ, ಯಾವುದಕ್ಕೆ ಬಳಸಿದರೆ ಆಮೇಲೆ ಅಳು ಇರಲ್ಲ?

ಶಿವಮೊಗ್ಗದಿಂದ

ಮೇಡಂ, ಮೊದಲು ಜ್ಯಾಪ್ಡೋಸ್ ಮುಂದೆ ಸೇವ್ ಮಾಡಿಸಿ. ಉಳಿದಿದ್ದೆಲ್ಲ ಆಮೇಲೆ.

ಮ್ಯೂಟೂಗೆ ಇಟ್ಟುಕೋ ಅನ್ನುವುದು ಹಳೇ ಕಾಲದ ಮಾತು. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಲ್ಲಿ ಅದು ಸರಿಯಾಗಿಯೇ ಇತ್ತು. ಅಲ್ಲಿ ಇದ್ದ ಲೆಜೆಂಡರಿಗಳು ಆರ್ಟಿಕ್ಯುನೋ, ಜ್ಯಾಪ್ಡೋಸ್, ಮೋಲ್ಟ್ರೆಸ್ ಎಂಬ ಮೂರು ಪಕ್ಷಿಗಳು ಮತ್ತು ಮ್ಯೂಟೂ. ನಾಲ್ಕೂ ಇದ್ದ ಜಾಗದಲ್ಲೇ ಇರುತ್ತಿದ್ದವು. ಅವುಗಳಲ್ಲಿ ಗಟ್ಟಿ ಯಾರೋ ಅವರಿಗೆ ಮಾಸ್ಟರ್ ಬಾಲ್, ಅಷ್ಟೇ ಲೆಕ್ಕ. 1999ರಲ್ಲಿ ಗೋಲ್ಡ್, ಸಿಲ್ವರ್ ಬಂದಾಗ ಈ ಲೆಕ್ಕ ಬದಲಾಯಿತು. ರೈಕೂ, ಎಂಟೇ, ಸುಯಿಕೂನ್ ಎಂಬ ಮೂರು ಪ್ರಾಣಿಗಳು ಸುಟ್ಟ ಗೋಪುರದಿಂದ ಎದ್ದು ಊರೂರು ಓಡಾಡಲು ಶುರು ಮಾಡಿದವು. ಎದುರಿಗೆ ಸಿಕ್ಕಿದರೆ ಮೊದಲ ಸರದಿಯಲ್ಲೇ ಪರಾರಿ.

ಫೈರ್‌ರೆಡ್‌ನಲ್ಲೂ ಈ ಮೂರರಲ್ಲಿ ಒಂದು ಬರುತ್ತದೆ. ಕೊನೆಗೆ ಎದುರಾಗುವ ನಾಲ್ವರು ಗಟ್ಟಿಗರಾದ ಎಲೀಟ್ ಫೋರ್ ಗೆದ್ದು, ಒನ್ ಐಲ್ಯಾಂಡ್‌ನಲ್ಲಿರುವ ಯಂತ್ರಕ್ಕೆ ರೂಬಿ, ಸಫೈರ್ ಎರಡೂ ಕಲ್ಲು ತಂದುಕೊಟ್ಟ ಮೇಲೆ. ನನ್ನ ಪ್ರಕಾರ ಮಾಸ್ಟರ್ ಬಾಲ್ ಇರಬೇಕಾದ್ದು ಅದಕ್ಕೆ. ಬಲ ಜಾಸ್ತಿ ಇರುವುದಕ್ಕಲ್ಲ, ಓಡಿಹೋಗುವುದಕ್ಕೆ.

ಅಂದಹಾಗೆ ಪವರ್ ಪ್ಲಾಂಟ್‌ನಲ್ಲಿ ನೆಲದ ಮೇಲೆ ಬಿದ್ದಿರುವ ಬಾಲ್ ಎಲ್ಲ ಬಾಲ್ ಅಲ್ಲ. ಕೆಲವು ಎಲೆಕ್ಟ್ರೋಡ್ ಎಂಬ ಪೋಕೆಮಾನ್. ಮುಟ್ಟಿದರೆ ಜಗಳಕ್ಕೆ ಬರುತ್ತವೆ.

ಹುಬ್ಬಳ್ಳಿಯಿಂದ

ಒಪ್ಪುವುದಿಲ್ಲ ಸರ್. ಮ್ಯೂಟೂ ಲೆವೆಲ್ 70. ಅದರ ಹತ್ತಿರ ರಿಕವರ್ ಇದೆ. ನಾವು ಕಷ್ಟಪಟ್ಟು ಅದರ ರಕ್ತ (ಪ್ರಾಣಶಕ್ತಿ) ಇಳಿಸಿದರೆ ಅದು ಒಂದೇ ಸರದಿಯಲ್ಲಿ ಅರ್ಧ ತುಂಬಿಸಿಕೊಳ್ಳುತ್ತದೆ. ಚಿಕ್ಕ ಹುಡುಗಿ ಎಷ್ಟು ಹೊತ್ತು ಅಂತ ಕೂತಿರುತ್ತಾಳೆ? ಓಡಾಡುವ ಪ್ರಾಣಿ ಸಿಗದಿದ್ದರೆ ಬೇಜಾರಾಗಲ್ಲ, ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಮ್ಯೂಟೂ ಕೈತಪ್ಪಿದರೆ ಬೇಜಾರಾಗುತ್ತದೆ. ನಾನು ಮ್ಯೂಟೂಗೇ ಎಸೆದೆ, ಇವತ್ತಿಗೂ ಖುಷಿ ಇದೆ.

ಶಿವಮೊಗ್ಗದಿಂದ

ಖುಷಿ ಪ್ರಶ್ನೆ ಬೇರೆ ಬಿಡಿ. ಆದರೆ ಕೂತು ಹಿಡಿದರೆ ಮ್ಯೂಟೂ ಸಿಗುತ್ತದೆ. ಅದು ಎಲ್ಲಿಗೂ ಹೋಗುವುದಿಲ್ಲ. ಮೇಡಂ, ಒಂದು ಕೇಳಬೇಕಿತ್ತು: ನಿಮ್ಮ ಮಗಳು ಶುರುವಿನಲ್ಲಿ ಯಾವ ಪೋಕೆಮಾನ್ ಆರಿಸಿಕೊಂಡಿದ್ದು?

ಕೇಳಿದವರು, ಮೈಸೂರು

ಸ್ಕ್ವರ್ಟಲ್ ಅಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೆಂಗಳೂರು, ಬಸವನಗುಡಿಯಿಂದ

ಸಂಬಂಧ ಇದೆ ಅಕ್ಕಾ. ಫೈರ್‌ರೆಡ್‌ನಲ್ಲಿ ಯಾವ ಪ್ರಾಣಿ ಓಡಾಡಬೇಕು ಎಂದು ತೀರ್ಮಾನ ಆಗುವುದೇ ಇದರ ಮೇಲೆ. ಬಲ್ಬಸಾರ್ ತೆಗೆದುಕೊಂಡವರಿಗೆ ಎಂಟೇ, ಚಾರ್‌ಮ್ಯಾಂಡರ್ ತೆಗೆದುಕೊಂಡವರಿಗೆ ಸುಯಿಕೂನ್, ಸ್ಕ್ವರ್ಟಲ್ ತೆಗೆದುಕೊಂಡವರಿಗೆ ರೈಕೂ. ನಾವು ಆರಿಸಿಕೊಂಡಿದ್ದನ್ನು ಮಣಿಸುವಂಥದ್ದೇ ಬರುತ್ತದೆ.

ನಿಮ್ಮ ಪಾಲಿಗೆ ಬರುವುದು ರೈಕೂ. ಇಲ್ಲೊಂದು ಕೆಟ್ಟ ಸುದ್ದಿ. ರೈಕೂ ಮತ್ತು ಎಂಟೇಗೆ ರೋರ್ ಎಂಬ ವಿದ್ಯೆ ಗೊತ್ತು. ರೋರ್ ಅಂದರೆ ಗರ್ಜಿಸಿ ಎದುರಾಳಿಯನ್ನು ಓಡಿಸುವುದು, ಕಾಳಗ ಅಲ್ಲಿಗೇ ಮುಗಿಯುತ್ತದೆ. ಬೇರೆ ಆಟಗಳಲ್ಲಿ ಮತ್ತೆ ಹುಡುಕಿದರೆ ಸಿಗುತ್ತದೆ. ಫೈರ್‌ರೆಡ್, ಲೀಫ್‌ಗ್ರೀನ್ ಎರಡರಲ್ಲಿ ಮಾತ್ರ ಆಟ ಬರೆದವರ ಕಡೆಯ ಒಂದು ದೋಷ ಉಳಿದುಬಿಟ್ಟಿದೆ. ಅದು ರೋರ್ ಮಾಡಿತು ಅಂದರೆ ಆ ಸೇವ್‌ನಲ್ಲಿ ಇನ್ನು ಯಾವತ್ತೂ ಬರುವುದಿಲ್ಲ. ಪೂರ್ತಿ ಮಾಯ.

ಅದಕ್ಕೆ ರೈಕೂ ವಿಷಯದಲ್ಲಿ ಉಪಾಯ ಗಿಪಾಯ ಬೇಡ. ಕಂಡ ಕೂಡಲೇ ಮಾಸ್ಟರ್ ಬಾಲ್. ಸುಯಿಕೂನ್ ಆಗಿದ್ದರೆ ನಾನೂ ಹುಬ್ಬಳ್ಳಿಯವರ ಪಕ್ಷಕ್ಕೆ ಬರುತ್ತಿದ್ದೆ. ಅದಕ್ಕೆ ರೋರ್ ಕಾಟ ಇಲ್ಲ, ಕ್ರೋಬ್ಯಾಟ್‌ನಿಂದ ಮೀನ್ ಲುಕ್ ಎಂಬ ವಿದ್ಯೆ ಹಾಕಿಸಿ ಓಡದಂತೆ ಕಟ್ಟಿಹಾಕಬಹುದು.

ಹುಡುಕುವ ವಿಧಾನ ಹೇಳುತ್ತೇನೆ, ಇದು ಗೊತ್ತಿಲ್ಲದೆ ಸುಮ್ನೆ ಹುಲ್ಲಿನಲ್ಲಿ ಅಲೆಯುವವರೇ ಜಾಸ್ತಿ. ಆಟದ ಮುಖ್ಯ ನಾಡಾದ ಕಾಂಟೋ ಪ್ರದೇಶದಲ್ಲಿ ಮಾತ್ರ ಅದು ಓಡಾಡುತ್ತದೆ, ಒನ್ ಐಲ್ಯಾಂಡ್ ಸೇರಿದ ಸೆವೀ ದ್ವೀಪಗಳಲ್ಲಿ ಇಲ್ಲ. ನಾವು ಒಂದು ರೂಟ್‌ನಿಂದ ಇನ್ನೊಂದಕ್ಕೆ ಕಾಲಿಟ್ಟಾಗೆಲ್ಲ ಅದೂ ಜಾಗ ಬದಲಿಸುತ್ತದೆ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ, ಕಂಡ ಪೋಕೆಮಾನ್ ಎಲ್ಲ ದಾಖಲಾಗುವ ಪೋಕೆಡೆಕ್ಸ್‌ನ ನಕ್ಷೆಯಲ್ಲಿ ಎಲ್ಲಿದೆ ಎಂದು ತೋರಿಸುತ್ತದೆ. ಬೆನ್ನಟ್ಟಿ ಹೋಗಬೇಡಿ, ಫ್ಲೈ ಮಾಡಿಕೊಂಡಂತೂ ಹೋಗಲೇಬೇಡಿ, ನೀವು ಇಳಿಯುವಷ್ಟರಲ್ಲಿ ಅದು ಇನ್ನೆಲ್ಲೋ ಇರುತ್ತದೆ. ಹುಲ್ಲು ಪಕ್ಕದಲ್ಲೇ ಇರುವ ಒಂದು ಊರಿನ ಗಡಿಯಲ್ಲಿ ಒಳಗೆ ಹೊರಗೆ ನಡೆಯುತ್ತಿರಿ. ಅದೇ ಹತ್ತಿರ ಬಂದಾಗ ಹುಲ್ಲಿಗೆ ಇಳಿಯಿರಿ.

ರೈಕೂ ಲೆವೆಲ್ 50. ತಂಡದ ಮೊದಲ ಪೋಕೆಮಾನ್ ಲೆವೆಲ್ 49 ಅಥವಾ 50 ಇರಲಿ, ಮ್ಯಾಕ್ಸ್ ರೆಪೆಲ್ ಹಾಕಿ. ಅದಕ್ಕಿಂತ ಕಡಿಮೆ ಲೆವೆಲ್ಲಿನವು ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಬಂದರೆ ರೈಕೂನೇ ಬರುತ್ತದೆ.

ಉಡುಪಿಯಿಂದ

ಮಾಸ್ಟರ್ ಬಾಲ್ ಇಲ್ಲದೆ ಉಳಿದವನ್ನು ಹಿಡಿಯುವುದು ಹೇಗೆ ಅನ್ನುವುದನ್ನು ನಾನು ಹೇಳುತ್ತೇನೆ, ಲೆಕ್ಕ ಹಾಕುವುದು ನನಗೊಂದು ಚಟ.

ಮೂರೂ ಪಕ್ಷಿ ಮತ್ತು ಮ್ಯೂಟೂ, ಎಲ್ಲದರ ಹಿಡಿತದ ಅಂಕ 3. ಗರಿಷ್ಠ 255. ಸುಲಭವಾಗಿ ಸಿಗುವ ಪಿಜಿ (Pidgey) ಹಕ್ಕಿಯಂಥವಕ್ಕೆ 255 ಇರುತ್ತದೆ. ರಕ್ತ ತುಂಬಿರುವಾಗ ಸಾದಾ ಪೋಕೆಬಾಲ್ ಎಸೆದರೆ 255ರಲ್ಲಿ 1 ಅವಕಾಶ. ಅಲ್ಟ್ರಾ ಬಾಲ್ ಅದನ್ನು ಎರಡು ಪಟ್ಟು ಮಾಡುತ್ತದೆ. ರಕ್ತ ಪೂರ್ತಿ ಇಳಿಸಿದರೆ ಹತ್ತಿರ ಹತ್ತಿರ ಮೂರು ಪಟ್ಟು. ನಿದ್ದೆ ಮಾಡಿಸಿದರೆ ಇನ್ನೂ ಎರಡು ಪಟ್ಟು. ಎಲ್ಲ ಸೇರಿ 255ರಲ್ಲಿ 12, ಅಂದರೆ ಶೇಕಡ 4.7. ಇಪ್ಪತ್ತು ಬಾಲ್ ಎಸೆದರೆ ಒಂದು ನಿಲ್ಲಬಹುದು ಅನ್ನುವ ಲೆಕ್ಕ. ಆದರೆ ಒಂದೊಂದು ಎಸೆತವೂ ಹೊಸ ಲಾಟರಿ, ಹಿಂದಿನ ಹತ್ತು ತಪ್ಪಿದವು ಅಂತ ಹನ್ನೊಂದನೆಯದಕ್ಕೆ ರಿಯಾಯಿತಿ ಸಿಗುವುದಿಲ್ಲ.

ಟೈಮರ್ ಬಾಲ್ ಇದಕ್ಕಿಂತ ಒಳ್ಳೆಯದು. 30 ಸರದಿ ದಾಟಿದ ಮೇಲೆ ಅದರದು ನಾಲ್ಕು ಪಟ್ಟು. ನಿದ್ದೆಯ ಜೊತೆ ಶೇಕಡ 9ರ ಮೇಲೆ ಹೋಗುತ್ತದೆ. ಒಂದು ಎಚ್ಚರ: ತುಂಬಾ ಎಳೆದರೆ ಅದರ ವಿದ್ಯೆಗಳ ಪಿಪಿ (ಎಷ್ಟು ಸಲ ಬಳಸಬಹುದು ಅನ್ನುವ ಲೆಕ್ಕ) ಖಾಲಿಯಾಗಿ ಸ್ಟ್ರಗಲ್ ಮಾಡಿ ತನ್ನನ್ನು ತಾನೇ ಬೀಳಿಸಿಕೊಳ್ಳುತ್ತದೆ.

ರಕ್ತ 1ಕ್ಕೆ ನಿಲ್ಲಿಸಲು ಫಾಲ್ಸ್ ಸ್ವೈಪ್ ಎಂಬ ವಿದ್ಯೆ ಬೇಕು. ಫೈರ್‌ರೆಡ್‌ನ ಸಫಾರಿ ಝೋನ್‌ನಲ್ಲಿ ಸೈಥರ್ ಸಿಗುತ್ತದೆ, ಅದು ಲೆವೆಲ್ 16ಕ್ಕೆ ಕಲಿಯುತ್ತದೆ. ನಿದ್ದೆಗೆ ಪ್ಯಾರಾಸೆಕ್ಟ್. ಅದರ ಸ್ಪೋರ್ ಗುರಿ ತಪ್ಪುವುದಿಲ್ಲ.

ಹುಬ್ಬಳ್ಳಿಯಿಂದ

ಉಡುಪಿಯವರೇ, ಜ್ಯಾಪ್ಡೋಸ್ ಮುಂದೆ ಪ್ಯಾರಾಸೆಕ್ಟ್ ಬಿಟ್ಟರೆ ಒಂದೇ ಡ್ರಿಲ್ ಪೆಕ್‌ಗೆ ಕಥೆ ಮುಗಿಯಿತು. ಹಾರುವ ಏಟು ಅದಕ್ಕೆ ನಾಲ್ಕು ಪಟ್ಟು. ಮೋಲ್ಟ್ರೆಸ್‌ನ ಬೆಂಕಿಯೂ ನಾಲ್ಕು ಪಟ್ಟು. ಮ್ಯೂಟೂಗೆ ಸರಿ, ಪಕ್ಷಿಗಳಿಗೆ ಬೇಡ.

ಜ್ಯಾಪ್ಡೋಸ್‌ಗೆ ಜೋಲ್ಟಿಯನ್ ಕಳಿಸಿ. ಮಿಂಚು, ಹಾರುವ ಏಟು ಎರಡೂ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಥಂಡರ್ ವೇವ್ ಹಾಕಿ ಮರಗಟ್ಟಿಸಿ. ನಿದ್ದೆಯಷ್ಟು ಅಲ್ಲ, ಒಂದೂವರೆ ಪಟ್ಟು ಮಾತ್ರ, ಆದರೆ ಅದು ಎಚ್ಚರವಾಗುವ ಭಯ ಇಲ್ಲ. ಈ ಥಂಡರ್ ವೇವ್ ಕಲಿಸುವವರು ಸಿಲ್ಫ್ ಕಂಪನಿಯ ಕಟ್ಟಡದಲ್ಲೇ ಎರಡನೇ ಮಹಡಿಯಲ್ಲಿ ಇದ್ದಾರೆ. ಮಾಸ್ಟರ್ ಬಾಲ್ ತೆಗೆದುಕೊಂಡು ಬರುವ ಅವಸರದಲ್ಲಿ ಎಲ್ಲರೂ ಅವರನ್ನು ದಾಟಿ ಬಂದಿರುತ್ತಾರೆ.

ಕಲಬುರಗಿಯಿಂದ

ನಾನು ಆಡಿದ್ದು ಎಮರಾಲ್ಡ್, ಅಣ್ಣನ ಹಳೇ ಫೋನಿನಲ್ಲಿ. ಅಲ್ಲೂ ಇದೇ ಕಥೆ. ಎಲೀಟ್ ಫೋರ್ ಆದ ಮೇಲೆ ಟಿವಿ ಸುದ್ದಿಯಲ್ಲಿ ಕಂಡ ಪೋಕೆಮಾನ್ ಯಾವ ಬಣ್ಣ ಎಂದು ಕೇಳುತ್ತಾರೆ. ಕೆಂಪು ಅಂದರೆ ಲ್ಯಾಟಿಯಾಸ್, ನೀಲಿ ಅಂದರೆ ಲ್ಯಾಟಿಯೋಸ್ ಓಡಾಡುತ್ತದೆ. ನಾನು ನೀಲಿ ಅಂದೆ, ಮಾಸ್ಟರ್ ಬಾಲ್ ಅದಕ್ಕೇ ಹೋಯಿತು. ಸ್ಕೈ ಪಿಲ್ಲರ್ ತುದಿಯಲ್ಲಿರುವ ರೇಕ್ವಾಜಾನ ಅಲ್ಟ್ರಾ ಬಾಲ್‌ನಲ್ಲೇ ಹಿಡಿದೆ. ಅದಕ್ಕೆ ರೆಸ್ಟ್ ಗೊತ್ತು, ರಕ್ತ ಇಳಿದಾಗ ಮಲಗಿ ಪೂರ್ತಿ ತುಂಬಿಸಿಕೊಳ್ಳುತ್ತದೆ. ಸಿಟ್ಟು ಬರುತ್ತದೆ, ಆದರೆ ಮಲಗಿದೆಯಲ್ಲ, ಆಗ ಮತ್ತೆ ಇಳಿಸಿಕೊಂಡು ಎಸೆಯಬೇಕು.

ಎಮರಾಲ್ಡ್‌ನಲ್ಲಿ ಇನ್ನೊಂದು ಮಾಸ್ಟರ್ ಬಾಲ್‌ಗೂ ದಾರಿ ಇದೆ. ಲಿಲಿಕೋವ್ ಅಂಗಡಿಯ ಲಾಟರಿಯಲ್ಲಿ ಐದೂ ಅಂಕಿ ಹೊಂದಿದರೆ ಕೊಡುತ್ತಾರೆ. ಹೊಂದಿದವರನ್ನು ನಾನಂತೂ ನೋಡಿಲ್ಲ.

ಬೆಂಗಳೂರು, ಮಲ್ಲೇಶ್ವರದಿಂದ

ಫೋನಿನಲ್ಲಿ ನಡೆದಾಡುತ್ತಾ ಆಡುವ ಪೋಕೆಮಾನ್ ಗೋ ಆಡುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಅಲ್ಲಿಗೆ ಮಾಸ್ಟರ್ ಬಾಲ್ ಬಂದಿದ್ದು 2023ರಲ್ಲಿ. ರೇಡ್‌ನಲ್ಲಿ (ಹಲವರು ಸೇರಿ ಆಡುವ ಕಾಳಗ) ಗೆದ್ದ ಲೆಜೆಂಡರಿಗೆ ಖರ್ಚು ಮಾಡಬೇಡಿ. ಅದು ಇನ್ನೊಂದು ಸಲ ರೇಡ್‌ಗೆ ಬರುತ್ತದೆ, ಗೋಲ್ಡನ್ ರಾಜ್ ಬೆರ್ರಿ ಕೊಟ್ಟು ತಿರುಗಿಸಿ ಎಸೆದರೆ ಸಾಕಷ್ಟು ಸಲ ನಿಲ್ಲುತ್ತದೆ. ದಿನದ 15 ನಿಮಿಷದ ಅಡ್ವೆಂಚರ್ ಇನ್ಸೆನ್ಸ್ ಹಚ್ಚಿ ನಡೆಯುವಾಗ ಅಪರೂಪಕ್ಕೆ ಗಲಾರ್ ಎಂಬ ಇನ್ನೊಂದು ನಾಡಿನ ರೂಪದ ಆರ್ಟಿಕ್ಯುನೋ, ಜ್ಯಾಪ್ಡೋಸ್, ಮೋಲ್ಟ್ರೆಸ್ ಎದುರಾಗುತ್ತವೆ. ಒಂದು ಬಾಲ್ ತಪ್ಪಿದರೆ ಹೆಚ್ಚಿನ ಸಲ ಓಡಿಹೋಗುತ್ತವೆ. ನನ್ನದು ಕಬ್ಬನ್ ಪಾರ್ಕಿನಲ್ಲಿ ಮೋಲ್ಟ್ರೆಸ್‌ಗೆ ಹೋಯಿತು. ಶಿವಮೊಗ್ಗದವರ ಮಾತು ಇಲ್ಲೂ ನಿಲ್ಲುತ್ತದೆ.

ಸ್ವಿಚ್‌ನಲ್ಲಿ ಸ್ವೋರ್ಡ್, ಶೀಲ್ಡ್ ಆಡುವವರಿಗೆ ಈ ತಲೆನೋವೇ ಕಡಿಮೆ. 2020ರಲ್ಲಿ ಬಂದ ಕ್ರೌನ್ ಟುಂಡ್ರಾ ಎಂಬ ಹೆಚ್ಚುವರಿ ಭಾಗದ ಡೈನಮ್ಯಾಕ್ಸ್ ಅಡ್ವೆಂಚರ್‌ನಲ್ಲಿ ಲೆಜೆಂಡರಿಯನ್ನು ಸೋಲಿಸಿದರೆ ಸಾಕು, ಯಾವ ಬಾಲ್ ಎಸೆದರೂ ನೂರಕ್ಕೆ ನೂರು ಹಿಡಿಯುತ್ತದೆ. ನನಗೆ ಅದು ಸ್ವಲ್ಪ ಸಪ್ಪೆ ಅನಿಸಿತು.

ಕೇಳಿದವರು, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಓದಿ ಹೇಳಿದೆ. ರೋರ್ ವಿಷಯ ಕೇಳಿ ಗಾಬರಿಯಾಗಿ ಮಾಸ್ಟರ್ ಬಾಲನ್ನು ಮುಟ್ಟುವುದೇ ಇಲ್ಲ ಅಂತಿದ್ದಾಳೆ. ಜ್ಯಾಪ್ಡೋಸ್‌ಗೆ ಅಲ್ಟ್ರಾ ಬಾಲ್ ಎಷ್ಟು ಕೊಂಡರೆ ಸಾಕು? ಮತ್ತೆ ಅವಳ ಹತ್ತಿರ ಜೋಲ್ಟಿಯನ್ ಇಲ್ಲ, ಈವೀಯನ್ನು ಆಗಲೇ ವೇಪೋರಿಯನ್ ಮಾಡಿಬಿಟ್ಟಿದ್ದಾಳೆ.

ಉಡುಪಿಯಿಂದ

40 ಕೊಳ್ಳಲಿ. ಉಳಿದರೆ ಆರ್ಟಿಕ್ಯುನೋಗೆ ಬೇಕೇ ಬೇಕಾಗುತ್ತದೆ. ಜೋಲ್ಟಿಯನ್ ಇಲ್ಲದಿದ್ದರೆ ಪಿಕಾಚು, ಮ್ಯಾಗ್ನೆಟನ್ ಯಾವುದಾದರೂ ನಡೆಯುತ್ತದೆ. ವೇಪೋರಿಯನ್ ಮಾತ್ರ ಬಾಲ್ ಒಳಗೇ ಇರಲಿ, ನೀರಿನ ಪೋಕೆಮಾನ್ ಮಿಂಚಿನ ಮುಂದೆ ನಿಲ್ಲುವುದು ಬೇಡ.