ಸಹಾಯ ಬೇಕು: ಹೊಸ ದಾರಿ ಹುಡುಕುವ ಬುದ್ಧಿ ಮತ್ತು ಜೀನ್‌ಗಳು

ನಮಸ್ಕಾರ. ಸಮಸ್ಯೆಗೆ ಹೊಸ ಪರಿಹಾರ ಹುಡುಕುವ ಶಕ್ತಿಯಲ್ಲಿ ಜೀನ್‌ಗಳ ಪಾಲೆಷ್ಟು ಅನ್ನೋದರ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸಿಒಎಂಟಿ ಜೀನ್‌ನಿಂದ ಬರುವ ಕಿಣ್ವ ಮೆದುಳಿನ ಮುಂಭಾಗದಲ್ಲಿ ಡೋಪಮೈನನ್ನು (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಒಡೆಯುತ್ತದೆ. ಕಿಣ್ವದ 158ನೇ ಜಾಗದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲ ಇದ್ದರೆ ಕೆಲಸ ಜೋರು, ಮೆಥಿಯೋನಿನ್ ಎಂಬ ಇನ್ನೊಂದು ಇದ್ದರೆ ನಿಧಾನ, ಅಂದರೆ ಡೋಪಮೈನ್ ಜಾಸ್ತಿ ಉಳಿಯುತ್ತದೆ. ಇಷ್ಟು ಅರ್ಥವಾಯಿತು. ಡೋಪಮೈನ್ ಜಾಸ್ತಿ ಉಳಿದರೆ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಡುವುದು ಸುಲಭ, ಆದರೆ ಒಂದು ಯೋಚನೆ ಬಿಟ್ಟು ಇನ್ನೊಂದಕ್ಕೆ ಹೋಗುವುದು ಕಷ್ಟ ಎಂಬ ವಾದವಿದೆ. ಹೊಸ ಪರಿಹಾರಕ್ಕೆ ಎರಡೂ ಬೇಕಲ್ವಾ? ಹಾಗಾದರೆ ಜೀನ್‌ನ ಯಾವ ರೂಪ ಅನುಕೂಲ ಎಂದು ಹೇಳುವುದು?

ಇನ್ನೊಂದು ಅನುಮಾನ. ಇಟ್ಟಿಗೆಯನ್ನು ಎಷ್ಟು ಥರ ಬಳಸಬಹುದು ಎಂದು ಕೇಳುವ ಪರೀಕ್ಷೆ, ಥಟ್ಟನೆ ಉತ್ತರ ಹೊಳೆಯುವ ಒಗಟು, ಇವೆರಡೂ ಒಂದೇ ಶಕ್ತಿಯನ್ನು ಅಳೆಯುತ್ತವೆ ಅಂತ ನನಗಂತೂ ಅನ್ನಿಸುವುದಿಲ್ಲ.

ಒಂದೇ ಜೀನ್ ಹಿಡಿದು ಮಾಡಿದ ಸಣ್ಣ ಅಧ್ಯಯನಗಳು ಮರುಪರೀಕ್ಷೆಯಲ್ಲಿ ನಿಲ್ಲದೆ ಹೋಗಿದ್ದು ಬೇಕಾದಷ್ಟಿದೆ. ಹಾಗಾಗಿ ‘ಪ್ರತಿಭೆಯ ಜೀನ್ ಸಿಕ್ಕಿತು’ ಥರದ ಸುದ್ದಿಗಳನ್ನು ಸುಮ್ನೆ ಕಳಿಸಬೇಡಿ! ಅವಳಿಗಳ ಮೇಲೆ, ಅಥವಾ ಸಾವಿರಾರು ಜನರ ಪೂರ್ತಿ ಜೀನೋಮ್ ಇಟ್ಟುಕೊಂಡು ಮಾಡಿದ ಅಧ್ಯಯನ ಗೊತ್ತಿದ್ದರೆ ತಿಳಿಸಿ. ಅಂಕಿಅಂಶ ಬಲ್ಲವರು ‘ಆನುವಂಶಿಕತೆ 40%’ ಎಂದರೆ ಒಬ್ಬ ವ್ಯಕ್ತಿಯ ಲೆಕ್ಕ ಏಕಲ್ಲ, ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ ಏಕೆ ಎಂದು ಸುಲಭವಾಗಿ ಬಿಡಿಸಿ ಹೇಳಿದರೆ ದೊಡ್ಡ ಉಪಕಾರ.